ಟ್ಯಾಂಕಿಗೆ ಬಾಣಂತನ

ಗ್ಲೆಂಡೈವ್ ಊರಿನ ಆಸ್ಪತ್ರೆಯಲ್ಲಿ ನನಗೆ ಹದಿಮೂರು ವಾರ ರಾತ್ರಿಪಾಳಿ.
ಬಾಡಿಗೆಗೆ ಮನೆ ಸಿಗಲಿಲ್ಲ; ಹಾಗಾಗಿ ಈ ಟ್ರೇಲರ್,
ಇಪ್ಪತ್ತೆರಡು ಅಡಿ ಉದ್ದ, ಗೋಡೆಯೋ
ಬಿಸ್ಕತ್ತಿನ ಡಬ್ಬದಷ್ಟು ದಪ್ಪ.
ಹೊಟ್ಟೆಯಡಿ ಮೂರು ಟ್ಯಾಂಕು:
ಕುಡಿಯುವ ನೀರಿನದು, ಮುಸುರೆಯದು,
ಮೂರನೆಯದರ ಹೆಸರು ಊಟದ ಹೊತ್ತಲ್ಲಿ ಬೇಡ.

ನವೆಂಬರಿನ ಮೊದಲ ವಾರ
ಪಕ್ಕದ ಟ್ರೇಲರಿನ ಆರಿನ್ ಟ್ವೈಟ್
ಬಗ್ಗಿ ನೋಡಿದ, ಎದ್ದ, ಮಂಡಿಯ ಹಿಮ ಕೊಡವಿದ.
"ಹೀಗೇ ಬಿಟ್ಟರೆ ಈ ತಿಂಗಳೊಳಗೆ ಸೀಳುತ್ತೆ" ಅಂದ,
ನಾಳೆ ಮಂಗಳವಾರ ಅಂದ ಹಾಗೆ.
ಮೂವತ್ತು ವರ್ಷ ರೈಲು ಎಂಜಿನ್ನು ರಿಪೇರಿ ಮಾಡಿದವನು.
ಚಳಿ ಕಬ್ಬಿಣಕ್ಕೆ ಏನು ಮಾಡುತ್ತದೆಂದು
ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಭಾನುವಾರ ಇಬ್ಬರೂ ನೆಲಕ್ಕೆ ಬೆನ್ನು ಕೊಟ್ಟೆವು.
ಕೊಳವೆಗೆ ಬಿಸಿಪಟ್ಟಿ, ಒಂದು ಸುತ್ತಿನ ಮೇಲೊಂದು ಬೀಳದ ಹಾಗೆ;
ಅದರ ಮೇಲೆ ಫೋಮಿನ ಅಂಗಿ.
ಟ್ಯಾಂಕಿನ ಅಡಿಗೆ ಬೆಳ್ಳಿಬಣ್ಣದ ಹಾಸು.
ಸುತ್ತ ಹುಲ್ಲಿನ ಪೆಂಡಿ, ಗಾಳಿ ಬೆರಳು ತೂರಿಸದಂತೆ.
ನನಗೆ ನಗು ತಡೆಯಲಾಗಲಿಲ್ಲ.
"ನೀವು ಮಾಡ್ತಿರೋದು ಬಾಣಂತನ" ಅಂದೆ.
ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಸುತ್ತು,
ಮಂಚದ ಕೆಳಗೆ ಕೆಂಡ...
ಕೆಂಡ ಅಂದದ್ದೇ ಅವನು ಕಣ್ಣರಳಿಸಿ
ಒಳಗೋಡಿ ಒಂದು ಬಲ್ಬು ತಂದ.

ಹಳೇ ಕಾಲದ ನೂರು ವ್ಯಾಟಿನದು.
ಬೆಳಗುವುದಕ್ಕಿಂತ ಕಾಯುವುದೇ ಹೆಚ್ಚು, ಕರೆಂಟು ದಂಡ
ಎಂದು ಊರೆಲ್ಲ ಬಿಸಾಕಿದ್ದು.
"ಇನ್ನೂ ಹನ್ನೊಂದಿವೆ" ಅಂದ ಗುಟ್ಟಾಗಿ, ಚಿನ್ನ ಹೂತವನ ದನಿಯಲ್ಲಿ.
ತಂತಿಯ ಪಂಜರದಲ್ಲಿಟ್ಟು, ಹುಲ್ಲಿನಿಂದ ಎಷ್ಟು ದೂರವೆಂದು
ಎರಡು ಸಲ ಅಳೆದು, ಟ್ಯಾಂಕಿನ ಪಕ್ಕ ತೂಗುಹಾಕಿದ.
ಅಲ್ಲಿ ಯಾರೂ ಓದಬೇಕಿಲ್ಲ, ಯಾರ ಮುಖವೂ ಕಾಣಬೇಕಿಲ್ಲ.
ದಂಡವೆಂದು ಸೋರಿಹೋಗುವುದಿದೆಯಲ್ಲ,
ನಮಗೆ ಬೇಕಾದ್ದು ಅಷ್ಟೇ.

ಡಿಸೆಂಬರ್. ಮೈನಸ್ ಮೂವತ್ತೊಂದು.
ಆ ರಾತ್ರಿ ಆಸ್ಪತ್ರೆಗೆ ದನ ಕಾಯುವ ಹುಡುಗನೊಬ್ಬ ಬಂದ,
ಬೆರಳುಗಳು ಮೇಣದಬತ್ತಿಯ ಬಿಳುಪು.
ಉಜ್ಜಬಾರದು. ಬೆಂಕಿಗೆ ಹಿಡಿಯಬಾರದು.
ಉಗುರುಬೆಚ್ಚನೆಯ ನೀರು, ಕಣ್ಣು ಗಡಿಯಾರದ ಮೇಲೆ.
ಬಂದಾಗ ನೋವಿಲ್ಲ ಎಂದು ನಗುತ್ತಿದ್ದವನು
ಬೆರಳಿಗೆ ಕೆಂಪು ಹತ್ತಿದಂತೆ ಅಳತೊಡಗಿದ.
"ಒಳ್ಳೇದು" ಅಂದೆ. ಅವನಿಗೆ ನನ್ನ ಮೇಲೆ ಸಿಟ್ಟು ಬಂತು.

ಬೆಳಿಗ್ಗೆ ಏಳಕ್ಕೆ ಬಂದು ನಲ್ಲಿ ತಿರುಗಿಸಿದರೆ
ಒಂದು ಒಣಕೆಮ್ಮು, ಅಷ್ಟೇ.
ಬಲ್ಬು ಉರಿಯುತ್ತಿದೆ. ಟ್ಯಾಂಕು ಸುಖವಾಗಿದೆ.
ಮತ್ತೆಲ್ಲಿ? ಬೇಸಿನ್ನಿನ ಹಿಂದೆ, ಕೊಳವೆ ತಿರುಗುವ ಮೊಣಕೈಯಲ್ಲಿ
ಒಂದು ಗೇಣು ಬೆತ್ತಲೆ ಬಿಟ್ಟಿದ್ದೆವು.
ಆರಿನ್ ಬೆಂಕಿ ಉಗುಳುವ ಟಾರ್ಚು ಹಿಡಿದೇ ಬಂದ.
"ಬೇಡ" ಅಂದೆ,
ವಾರ್ಡಿನಲ್ಲಿ ಮಾತ್ರ ಬರುವ ನನ್ನ ಇನ್ನೊಂದು ದನಿಯಲ್ಲಿ.
"ಮೊದಲು ನಲ್ಲಿ ತೆರೆದಿಡಿ. ಆ ತುದಿಯಿಂದ ಶುರು.
ತಲೆ ಒಣಗಿಸುವ ಯಂತ್ರ ಸಾಕು. ಮೆಲ್ಲಗೆ."
ಅವನು ಟಾರ್ಚನ್ನು ಬೂಟಿನ ಹಿಂದೆ ಸರಿಸಿಟ್ಟು
ವಿದ್ಯಾರ್ಥಿಯಂತೆ ಕೂತ.

ಮುಕ್ಕಾಲು ಗಂಟೆ. ಇಬ್ಬರ ಮಂಡಿಯೂ ಮರಗಟ್ಟಿತು.
ಕೊಳವೆಯೊಳಗೆ ಏನೋ ಕಟಕ್ಕೆಂದಿತು,
ನಲ್ಲಿ ಉಗುಳಿತು, ಸೀನಿತು,
ಆಮೇಲೆ ದಾರದಷ್ಟು ನೀರು.

ಅವನು ಹೋಗುವಾಗ ಆ ಪದ ಮತ್ತೊಮ್ಮೆ ಹೇಳು ಅಂದ.
"ಬಾನನ್ತನ್" ಅಂದ. ಅಡ್ಡಿಯಿಲ್ಲ ಅಂದೆ.

ಆ ಗೇಣು ಜಾಗಕ್ಕೆ
ನನ್ನ ಉಣ್ಣೆಯ ಕಾಲುಚೀಲ ಒಂದನ್ನು ತೊಡಿಸಿದ್ದೇನೆ.
ಇನ್ನೊಂದನ್ನು ಏನು ಮಾಡುವುದೋ
ಗೊತ್ತಾಗಿಲ್ಲ.