ಹದಿನಾಲ್ಕನೆಯ ಕುಟುಂಬ

ನ್ಯೂಫೌಂಡ್‌ಲ್ಯಾಂಡಿನ ಕಡಲಿಗೆ ಸರ್ಕಾರ ಬೀಗ ಜಡಿದ
ಮೂರನೆಯ ವರ್ಷ,
ಕಾಡ್ ಮೀನಿನ ಬಲೆಗಳು ಬ್ಲೈಂಡ್ ಟಿಕಲ್ಲಿನ ಬೇಲಿಗಳ ಮೇಲೆ
ಕೆಲಸವಿಲ್ಲದೆ ಒಣಗುತ್ತಿದ್ದಾಗ
ಅವರು ಬಂದರು. ಒಳ್ಳೆಯವರೇ.
ಚರ್ಚಿನ ಹಿಂದಿನ ಕೋಣೆಯಲ್ಲಿ ಮೇಜು ಹಾಕಿದರು.
ಒಂದು ಕಪ್ ಚಹಾ, ಒಣದ್ರಾಕ್ಷಿಯ ಬನ್ನು,
ಎರಡು ಶೀಸೆ ನೆತ್ತರು.

ಸೂಜಿ ಹಿಡಿದವಳು ನಾನು, ಊರ ನರ್ಸು.
ಆ ತೋಳುಗಳ ನರವೆಲ್ಲ ನನಗೆ
ಮನೆಗೆ ಹೋಗುವ ದಾರಿಯಷ್ಟು ಗೊತ್ತು.
ನಾಲ್ಕು ಪುಟದ ಒಪ್ಪಿಗೆ ಪತ್ರ.
ಆಂಬ್ರೋಸ್ ಕೀಪಿಂಗ್ ಅದನ್ನು ಓದಲಿಲ್ಲ;
ನನ್ನ ಮುಖ ಓದಿದ, ಸಹಿ ಹಾಕಿದ.

ಸಹಿ ಅವನೊಬ್ಬನದು.
ತೋಳಿಂದ ಇಳಿದದ್ದರಲ್ಲಿ
ಎಂಟು ಜನ ಒಡಹುಟ್ಟಿದವರಿದ್ದರು, ಸತ್ತ ತಾಯಿ ಇದ್ದಳು,
ಇನ್ನೂ ಹುಟ್ಟದ ಮೊಮ್ಮಗಳು ವೆರೀನಾ ಇದ್ದಳು.
ಅವರನ್ನು ಯಾರೂ ಕೇಳಲಿಲ್ಲ.
ಬನ್ನೂ ಕೊಡಲಿಲ್ಲ.

ಮುಂದಿನ ಚಳಿಗಾಲ, ಅಂಗಳದ ಹಿಮ ಬಗೆಯುತ್ತ
ಸಲಿಕೆಯ ಮೇಲೇ ಒರಗಿ ಹೋದ ಆಂಬ್ರೋಸ್.
ಶೀಸೆ ಆಗಲೇ ಬೋಸ್ಟನ್ನಿನಲ್ಲಿತ್ತು,
ಆಮೇಲೆ ಒಂದು ಕಂಪನಿಯಲ್ಲಿ, ಅದು ಮುಳುಗಿ
ಇನ್ನೊಂದು ಕೊಂಡ ಸಾಮಾನಿನ ಪಟ್ಟಿಯಲ್ಲಿ.
ಫಲಿತಾಂಶ ಮಾತ್ರ ಈ ಕಡೆ ತಲೆ ಹಾಕಲಿಲ್ಲ.

ಇಪ್ಪತ್ತಾರು ವರ್ಷದ ಮೇಲೆ ಅವನ ಹೆಂಡತಿ ಡ್ರುಸಿಲ್ಲಾಳ ಜೊತೆ
ಸೇಂಟ್ ಜಾನ್ಸ್‌ಗೆ ಹೋದೆ, ಸಂಶೋಧನಾ ನೀತಿ ಸಮಿತಿಯ ಮುಂದೆ.
"ಬೇಕಾದಾಗ ವಾಪಸ್ ತಗೋಬಹುದು ಅಂತ ಬರೆದಿದೆಯಲ್ಲ,
ಕೊಡಿ ಅವನ ರಕ್ತ. ಗೋರಿಯಲ್ಲಿ ಜಾಗ ಇದೆ."
ಎಳೆಯ ವಕೀಲ, ಮರ್ಯಾದಸ್ಥ, ಕನ್ನಡಕ ಒರೆಸಿಕೊಂಡ:
ಹೆಸರು ಅಳಿಸಿದ್ದೇವೆ, ಅಮ್ಮ. ಯಾವುದು ಯಾರದೆಂದು
ಈಗ ಯಾರಿಗೂ ತಿಳಿಯುವಂತಿಲ್ಲ.
ಅದೇ ನಿಮಗೆ ರಕ್ಷಣೆ.

ಕೈಚೀಲದಿಂದ ಅವರದೇ ಪ್ರಬಂಧ ತೆಗೆದಳು ಡ್ರುಸಿಲ್ಲಾ,
ಗೆರೆ ಎಳೆದಲ್ಲಿ ಬೆರಳಿಟ್ಟು ಓದಿದಳು:
ಕುಟುಂಬ ಹದಿನಾಲ್ಕು. ಗಂಡಸು. ಮೂವತ್ತೊಂಬತ್ತು.
ಹಿಮ ತೆಗೆಯುವಾಗ ಮರಣ.
"ನಮ್ಮೂರಲ್ಲಿ ಇರೋದೇ ಮೂವತ್ತೊಂದು ಮನೆ, ಮಗಾ.
ಬೆಕ್ಕಿಗೂ ಗೊತ್ತು ಇದು ಯಾರು ಅಂತ.
ವಿಮೆಯವನಿಗೂ ಗೊತ್ತಾಯಿತು."

ಬರೆದುಕೊಂಡರು.
ಬರೆದುಕೊಳ್ಳುವುದು ಅವರಿಗೆ ಚೆನ್ನಾಗಿ ಬರುತ್ತದೆ.

ವೆರೀನಾಗೆ ಈಗ ಹತ್ತೊಂಬತ್ತು. ಐಸ್ ಹಾಕಿ ಆಡುತ್ತಾಳೆ.
ತಾನಾಗಿಯೇ ರಕ್ತ ಕೊಟ್ಟು ಬಂದಳು,
ಬಂದ ಲಕೋಟೆ ಒಡೆಯದೆ ಗಡಿಯಾರದ ಹಿಂದೆ ಸಿಕ್ಕಿಸಿದಳು.
ಇರಲಿ. ತಿಳಿಯದೆ ಇರುವುದಕ್ಕೂ
ಒಂದು ಕಲಮು ಇರಬೇಕು ಕಾನೂನಿನಲ್ಲಿ.

ನಿನ್ನೆ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು,
ಕೈಗವಸು ತೆಗೆಯದೆ, ಕೇಳಿದಳು:
ಅವತ್ತು ಅಜ್ಜನಿಗೆ ಏನಂತ ಹೇಳಿದಿರಿ ನೀವು?

ಹೇಳಿದ್ದೆ: ಇರುವೆ ಕಚ್ಚಿದಷ್ಟೇ.
ಆಮೇಲೆ ಏನೂ ಇಲ್ಲ.