ಗುರುಪುರದ ಏರು

ಮಂಗಳೂರಿಗೆ ಇನ್ನೂ ಬೆಳಕಾಗಿಲ್ಲ,
ಗುರುಪುರದ ಸೇತುವೆ ದಾಟಿದ್ದೇ ಏರು.
ನನ್ನದು ಎಂಟು ಕಿಲೋದ ಸೈಕಲ್ಲು, ಇಪ್ಪತ್ತೆರಡು ಗಿಯರು;
ಇದ್ದಿನಬ್ಬನದು ತುಕ್ಕು ಹಿಡಿದ ಕ್ಯಾರಿಯರು,
ಅರವತ್ತೆಂಟರ ಮೊಣಕಾಲು.

"ಉಸಿರು ಎಣಿಸಬೇಡ ಮಾರಾಯ, ಮನೆ ಎಣಿಸು" ಅಂದ.
ಮೂವತ್ತು ವರ್ಷ ದಕ್ಕೆಯಿಂದ ಬಂಗುಡೆ ಹೇರಿಕೊಂಡು ಹತ್ತಿದವ.
ಅವನ ನಕಾಶೆಯಲ್ಲಿ ಊರಿಲ್ಲ, ಗಿರಾಕಿಗಳು:
ಗಂಜಿಮಠದ ತಿರುವಿಗೆ ಕ್ರಿಸ್ತೀನ್ ಬಾಯಿ, ಶುಕ್ರವಾರ ಮಾತ್ರ;
ಎಡಪದವಿನಲ್ಲಿ ಸಾಲದ ಶೀನ;
ಆಮೇಲೆ ಇಳಿಜಾರು,
ಐಸಿನ ನೀರು ಹಿಂದೆ ಹನಿಯುತ್ತ
ಬೆಕ್ಕುಗಳಿಗೆ ದಾರಿ ಹೇಳುವ ಜಾಗ.

ಮೂಡುಬಿದಿರೆ. ಚೌಟರ ಅರಮನೆ.
ಚಪ್ಪಲಿ ಬಿಟ್ಟು, ಟೊಪ್ಪಿ ಸರಿಮಾಡಿ ನಿಂತ.
"ಈ ಬೀದಿಯಲ್ಲಿ ಮೀನಿಗೆ ಗಿರಾಕಿ ಇಲ್ಲವಲ್ಲ,
ಹಾರ್ನ್ ಒತ್ತದೆ ದಾಟುತ್ತಿದ್ದೆ.
ಒಳಗೇನಿದೆ ಅಂತ ಇವತ್ತೇ ನೋಡುವುದು."

ಕಂಬದ ಮರದಲ್ಲಿ ಐದು ಹೆಣ್ಣುಗಳು ಹೆಣೆದುಕೊಂಡು
ಒಂದು ಕುದುರೆ.
ಕಾಲು ಯಾರದು, ಕುತ್ತಿಗೆ ಯಾರದು,
ನಾನು ಫೋನಿನಲ್ಲಿ ಹಿಡಿಯುತ್ತಿದ್ದೆ.
ಅವನು ಬೆರಳು ಮಡಚಿದ:
ಬೀಪಾತುಮ್ಮ, ಆಸ್ಯಮ್ಮ, ಮರಿಯಮ್ಮ, ಖತೀಜಮ್ಮ.
"ತಂಗಿಯರು ನಾಲ್ಕು. ಉಮ್ಮ ಸೇರಿದರೆ ಸರಿಹೋಯಿತು."
ಸ್ವಲ್ಪ ತಡೆದು,
"ಇಷ್ಟು ದಿನ ನಾನೇ ತುಳಿದೆ ಅಂದುಕೊಂಡಿದ್ದೆ."

ಹೊರಟಾಗ ಬಿಸಿಲು ಏರಿತ್ತು.
ಬೀದಿಯ ನಟ್ಟನಡುವೆ ಆ ಹಳೇ ರಬ್ಬರ್ ಹಾರ್ನು ಒತ್ತಿದ,
ಒಂದೇ ಸಲ, ಪೋಂ.
ಕಿಟಕಿ ಒಂದೂ ತೆರೆಯಲಿಲ್ಲ.
ಗೋಡೆಯ ಮೇಲಿಂದ ಬೆಕ್ಕೊಂದು
ಬಾಲ ಎತ್ತಿಕೊಂಡು ಇಳಿದು ಬಂತು.