ಯಲ್ಲಾಲಿಂಗನ ತಲಿ

ಮೂವತ್ತು ವರ್ಷ ಆತು, ಈ ತಲಿ ನನ್ನ ಕೈಯಾಗ ಅದ.
ಬಲಗಿವಿ ಹಿಂದ ಒಂದು ಮಚ್ಚಿ,
ಬಾರಿ ಗಿಡದಿಂದ ಬಿದ್ದ ಗಾಯದ ಗೆರಿ,
ಸುಳಿ ಎರಡು. ಎರಡು ಸುಳಿಯಾವಗ ಎರಡು ಲಗ್ನ ಅಂತಾರ,
ಯಲ್ಲಾಲಿಂಗಗ ಒಂದೇ ಆತು, ಅದೂ ತಡಾ ಆಗಿ.

ಕೂದಲಾ ಹೋಗೂದು ಮೊದಲ ಕಂಡಾವ ನಾನೇ.
ಹೇಳಲಿಲ್ಲ. ಹಿಂದಿನ ಕನ್ನಡಿ ಒಂದೀಟು ವಾರಿ ಮಾಡಿ ಹಿಡದೆ,
ನಾಕು ವರ್ಷ ಹಂಗೇ ನಡೀತು.
ಆಮ್ಯಾಲ ಮದವಿ ಶೂಟಿಂಗಿಗೆ ಡ್ರೋನ್ ಬಂತು.
ಅದು ಮ್ಯಾಲಿಂದ ನೋಡ್ತದ, ಅದಕ್ಕ ಮುಲಾಜಿಲ್ಲ.
ದುಧನಿ ಸಾಹುಕಾರರ ವರಾತದಾಗ
ಕುಣಿಯೋ ಪೋರ ಒಬ್ಬ ಇವನ ಬ್ಯಾಂಡಿನ ಟೊಪಗಿ ಕಸಗೊಂಡಿದ್ದ;
ವಿಡಿಯೋದಾಗ ಕ್ಲಾರಿನೆಟ್ ಊದೂವನ ನೆತ್ತಿ ಫಳಕ್ ಅಂತು.
‘ಮೈಂದರ್ಗಿ ಬ್ಯಾಂಡಿನಾಗ ಹಿತ್ತಾಳಿ ಸಾಮಾನು ಒಂದು ಹೆಚ್ಚಿಗಿ ಅದ’
ಅಂದ್ರು ಯಾರೋ. ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಎರಡು ಸೀಜನ್ನಿನ ರೊಕ್ಕ ಕಟ್ಟಿ ಸೋಲಾಪುರಕ್ಕ ಹೋಗಿ
ಹಿಂದಿನ ಕೂದಲಾ ಒಂದೊಂದೇ ಕೀಳಿಸಿ ಮುಂದ ನೆಡಿಸಿಕೊಂಡು ಬಂದ.
ನನಗ ಹೇಳದೇ ಹೋಗಿದ್ದ.
ಮೂರನೇ ದಿನ ರಾತ್ರಿ, ಅರ್ಧಾ ಎತ್ತಿದ ಶಟರ್ ಕೆಳಗ
ಬಗ್ಗಿ ಒಳಗ ಬಂದ. ಕೈಯಾಗ ಡಾಕ್ಟರ ಕೊಟ್ಟ ಕಾಗದ.
ತಲಿ ಬಗ್ಗಿಸಬ್ಯಾಡ್ರಿ ಅಂತ ಅದರಾಗ ಮೊದಲನೇ ಮಾತು.

ಕಾಗದ ಮರಾಠಿ, ನಾ ಓದಿದ್ದು ಕನ್ನಡದಾಗ:
ಬಿಸಲಿಗೆ ತಲಿ ಒಡ್ಡಬ್ಯಾಡ್ರಿ.
ಬಿಗಿ ಟೊಪಗಿ ಹಾಕಬ್ಯಾಡ್ರಿ.
ಎಷ್ಟೇ ತಿಂಡಿ ಬಿಟ್ಟರೂ ಕೆರಕೋಬ್ಯಾಡ್ರಿ.
ಬೆವರು ಬರೂ ಕೆಲಸ ಬ್ಯಾಡ.
‘ಲೇ, ಇದು ಏಪ್ರಿಲ್ ತಿಂಗಳು,’ ಅಂದೆ,
‘ಈ ಊರಾಗ ಸುಮ್ಮ ಕುಂತರೂ ಬೆವರು ಬರ್ತದ.’

ಲೈಟಿನ ಕೆಳಗ ಕುಂದರಿಸಿ ನೋಡಿದೆ.
ಸಾಸಿವಿ ಚೆಲ್ಲಿದಂಗ ಚುಕ್ಕಿ ಚುಕ್ಕಿ.
ಸಾಲು ಕಾಣದಂಗ ನೆಟ್ಟಾನ, ಖರೇನ ಕಸುಬುದಾರ.
ಹೊಟ್ಟಿಯೊಳಗ ಒಂದು ಥರಾ ಆತು.
ಆ ತಲಿಗೆ ಬ್ಯಾರೆ ಕೈ ಬಿದ್ದದ್ದು ಇದೇ ಮೊದಲು.

ಹತ್ತನೇ ದಿನಕ್ಕ ತೊಳೀಬೇಕು. ಹೆಂಡತಿ ರತ್ನಾಬಾಯಿ
‘ನಂದು ರೊಟ್ಟಿ ಬಡಿಯೂ ಕೈ, ನಾ ಒಲ್ಲೆ’ ಅಂದಳು.
ಹಂಗಾಗಿ ನನ್ನ ಕುರ್ಚಿಗೇ ಬಂದ.
ಮೊದಲು ಉಗುರು ತಗದೆ, ನಂದು.
ಕುದಿಸಿ ಆರಿಸಿದ ನೀರು. ಕೂಸಿಗೆ ಹಚ್ಚೂ ಶಾಂಪೂ ಒಂದು ಹನಿ.
ತಿಕ್ಕಲಿಲ್ಲ, ಬರೇ ನೊರಿ ಇಟ್ಟೆ, ಎತ್ತಿದೆ, ಇಟ್ಟೆ.
ಜಾವಳ ತಗ್ಯಾಗ ಮೆತ್ತನ್ನ ನೆತ್ತಿ ಹಿಡೀತೀನಲ್ಲ, ಹಂಗ.
ಹಕ್ಕಳಿ ಒಂದೊಂದೇ ನೀರಾಗ ಇಳೀತು.
ಅಂವ ಉಸಿರು ಹಿಡಕೊಂಡಿದ್ದ.
ಕ್ಲಾರಿನೆಟ್ಟಿನಾವ, ಭಾಳ ಹೊತ್ತು ಹಿಡೀತಾನ.

ಮೂರನೇ ವಾರಕ್ಕ ನೆಟ್ಟದ್ದೆಲ್ಲಾ ಉದುರಾಕ ಹತ್ತಿತು.
ತಲಿದಿಂಬಿನ ಮ್ಯಾಲಿಂದ ಆರಿಸಿ, ಪಾನ್‌ಪಟ್ಟಿ ಚೀಟಿಯೊಳಗ ಕಟಗೊಂಡು ಬಂದು
ನನ್ನ ಮುಂದ ಬಿಚ್ಚಿದ. ಮಾತಿಲ್ಲ.
ಕಾಗದದ ಹಿಂದಿನ ಮಗ್ಗಲಾ ತಿರುವಿ ತೋರಿಸಿದೆ:
ಉದುರ್ತಾವ, ಬೇರು ಉಳೀತದ, ನಾಕು ತಿಂಗಳು ತಡೀರಿ.
ನಂಬಲಿಲ್ಲ.
ಮೂಲಿಯಾಗಿನ ಕಸಬರಿಗಿ ತೋರಿಸಿದೆ,
‘ದಿನಾ ಸಂಜಿಕ್ಕ ಊರ ಕೂದಲೆಲ್ಲಾ ಬಳೀತೀನಿ,
ಒಬ್ಬನರ ಮುಂದಿನ ತಿಂಗಳು ಬರದೇ ಉಳದಾನೇನು?’
ಆವಾಗ ಸ್ವಲ್ಪ ನಕ್ಕ. ಇಲ್ಲಾ, ಕೆಮ್ಮಿದ.

ಅಕ್ಷಯ ತದಿಗಿ. ಹನ್ನೆರಡಕ್ಕ ಅಕ್ಕಿಕಾಳು, ಹನ್ನೊಂದಕ್ಕ ವರಾತ.
‘ಬರದಿದ್ದರ ಬ್ಯಾರೇದಾವನ ನೋಡ್ತೀನಿ’ ಅಂದಿದ್ದ ಬ್ಯಾಂಡಿನ ಮಾಲಕ.
ಅಂಗಡಿ ಮುಚ್ಚಿ ನಾ ಹೋದೆ,
ನಮ್ಮಪ್ಪನ ಕಾಲದ ಮರದ ಹಿಡಿಕಿ ಛತ್ರಿ ತಗೊಂಡು.
ಅಂವ ಊದಿದ. ನಾ ಮಗ್ಗಲಕ್ಕ ಛತ್ರಿ ಹಿಡದು ನಡದೆ,
ತಿರುಗಿದರ ತಿರುಗಿ, ನಿಂತರ ನಿಂತು.
ಕಟ್ಟಿ ಮ್ಯಾಲಿನ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡದು ಕೇಳಿದಳು,
‘ಇದರಾಗ ಮದುಮಗ ಯಾರೋ ಯಪ್ಪಾ?’
ಕುದುರಿ ಮ್ಯಾಲಿನಾವ, ಪಾಪ, ಬಿಸಲಾಗೇ ಇದ್ದ.

ಮ್ಯಾಲ ಡ್ರೋನ್ ಗುಂಯ್ ಅಂತಿತ್ತು.
ಅದಕ್ಕ ಕರೀ ಅರಿವಿ ಒಂದೇ ಕಂಡೀತು,
ಮತ್ತ ಅದರ ಬಾಜೂ ನನ್ನ ತಲಿ,
ಇಪ್ಪತ್ತು ವರ್ಷದಿಂದ ಬೋಳು, ಬಿಸಲಿಗೇ ಬಿಟ್ಟದ್ದು.
ಅದರ ಬಗ್ಗೆ ಕಾಗದದಾಗ ಏನೂ ಬರದಿರಲಿಲ್ಲ.